ಯೆಹೂದ್ಯರ ಪ್ರಾರ್ಥನಾವಸ್ತ್ರವೂ ಅದರ ನೀಲಸೂತ್ರವೂ

ವಸ್ತ್ರವು ದೇಹವನ್ನು ಮುಚ್ಚುವುದಕ್ಕೆ ಮಾತ್ರವೇ ಇರುವುದಲ್ಲ. ಕೆಲವು ಜನಾಂಗಗಳಲ್ಲಿ ಅದು ಮನಸ್ಸನ್ನು ಎಚ್ಚರಿಸುವ ಸಾಧನವೂ ಆಗಿರುವುದು. ಯೆಹೂದ್ಯರ ‘ತಲ್ಲಿತ್’ ಎಂಬ ಪ್ರಾರ್ಥನಾವಸ್ತ್ರವು ಇದಕ್ಕೆ ಉತ್ತಮವಾದ ನಿದರ್ಶನ. ಈ ವಸ್ತ್ರದ ಮೂಲೆಗಳಲ್ಲಿ ಒಂದಾನೊಂದು ಕಾಲಕ್ಕೆ ಇದ್ದು, ಬಳಿಕ ಸಾವಿರ ವರ್ಷಗಳಿಗೂ ಮೇಲ್ಪಟ್ಟು ಕಾಣೆಯಾಗಿದ್ದ ಒಂದು ನೀಲಿ ಎಳೆಯ ಚರಿತ್ರೆಯು ವಿಚಾರಪರರು ತಿಳಿಯತಕ್ಕದ್ದಾದುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆನು.

ಮೋಶೆಯ ಧರ್ಮಶಾಸ್ತ್ರದಲ್ಲಿ ಅರಣ್ಯಕಾಂಡದ 15ನೆಯ ಅಧ್ಯಾಯವು ಇದಕ್ಕೆ ಮೂಲ. ಇಸ್ರಾಯೇಲ್ಯರು ತಮ್ಮ ಉಡುಪಿನ ಮೂಲೆಗಳಿಗೆ ಗೊಂಡೆಗಳನ್ನು ಕಟ್ಟಿಕೊಳ್ಳಬೇಕೆಂದೂ, ಒಂದೊಂದರಲ್ಲಿಯೂ ನೀಲಿ ದಾರವಿರಬೇಕೆಂದೂ, ಅದನ್ನು ಕಂಡಾಗಲೆಲ್ಲ ದೇವರ ಆಜ್ಞೆಗಳು ನೆನಪಿಗೆ ಬರಬೇಕೆಂದೂ ಅಲ್ಲಿ ವಿಧಿಯಿದೆ. ಈ ಗೊಂಡೆಗೆ ಹೀಬ್ರೂ ಭಾಷೆಯಲ್ಲಿ ‘ತ್ಸಿತ್ಸಿತ್’ ಎಂದು ಹೆಸರು. ವಿಧಿಯಲ್ಲಿ ಪ್ರಧಾನವಾದುದು ಗೊಂಡೆಯೇ ಹೊರತು ವಸ್ತ್ರವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಪೂರ್ವಕಾಲದಲ್ಲಿ ನಾಲ್ಕು ಮೂಲೆಗಳ ಹೊದಿಕೆಯೇ ಜನರ ನಿತ್ಯದ ಉಡುಪಾಗಿದ್ದಿತು. ಪ್ರಾರ್ಥನೆಗೆಂದು ಬೇರೆ ವಸ್ತ್ರವಿರಲಿಲ್ಲ. ಕಾಲಕ್ರಮದಲ್ಲಿ ಯೆಹೂದ್ಯರು ದೇಶದೇಶಗಳಿಗೆ ಚದುರಿ ಆಯಾ ದೇಶದ ಉಡುಪನ್ನು ತೊಡಲಾರಂಭಿಸಿದರು. ಮೂಲೆಗಳಿಲ್ಲದ ಉಡುಪಿಗೆ ಗೊಂಡೆಯ ವಿಧಿಯೂ ಇಲ್ಲ. ಹೀಗೆ ವಿಧಿಯು ತಾನಾಗಿಯೇ ಲೋಪವಾಗುವ ಸಂಭವ ಒದಗಿದಾಗ ಅವರು ಅದನ್ನು ಬಿಡಲಿಲ್ಲ. ಪ್ರಾತಃಕಾಲದ ಪ್ರಾರ್ಥನೆಗೆ ದೊಡ್ಡ ತಲ್ಲಿತ್ತನ್ನೂ, ದಿನವಿಡೀ ಅಂಗಿಯ ಒಳಗೆ ಧರಿಸಲು ‘ತಲ್ಲಿತ್ ಕಾತಾನ್’ ಎಂಬ ಚಿಕ್ಕದನ್ನೂ ಉಳಿಸಿಕೊಂಡರು.

ಗೊಂಡೆಯನ್ನು ಕಟ್ಟುವುದಕ್ಕೂ ಕ್ರಮವಿದೆ. ಮೂಲೆಯ ರಂಧ್ರದಲ್ಲಿ ನಾಲ್ಕು ದಾರಗಳನ್ನು ಪೋಣಿಸಿ ಮಡಿಸಿದರೆ ಎಂಟು ಎಳೆಗಳಾಗುವುವು. ಅವಕ್ಕೆ ಐದು ಗಂಟುಗಳನ್ನು ಹಾಕುವರು. ನಮ್ಮಲ್ಲಿ ಕಟಪಯಾದಿ ಕ್ರಮದಿಂದ ಅಕ್ಷರಗಳಿಗೆ ಸಂಖ್ಯೆಯನ್ನು ಹೇಳುವಂತೆ ಹೀಬ್ರೂ ಅಕ್ಷರಗಳಿಗೂ ಸಂಖ್ಯೆಗಳುಂಟು. ‘ತ್ಸಿತ್ಸಿತ್’ ಪದದ ಐದು ಅಕ್ಷರಗಳಿಗೆ 90, 10, 90, 10, 400, ಒಟ್ಟು 600. ಇದಕ್ಕೆ ಎಂಟು ಎಳೆಗಳನ್ನೂ ಐದು ಗಂಟುಗಳನ್ನೂ ಕೂಡಿಸಿದರೆ 613. ಅವರ ಧರ್ಮಶಾಸ್ತ್ರದಲ್ಲಿ ಪರಿಗಣಿತವಾದ ಆಜ್ಞೆಗಳ ಸಂಖ್ಯೆಯೂ ಅಷ್ಟೇ. ಫ್ರಾನ್ಸ್ ದೇಶದ ತ್ರುವಾ ನಗರದ ಪ್ರಸಿದ್ಧ ವ್ಯಾಖ್ಯಾನಕಾರ ರಾಶಿಯು (1040–1105) ಈ ಲೆಕ್ಕವನ್ನು ತನ್ನ ವ್ಯಾಖ್ಯೆಯಲ್ಲಿ ಕೊಟ್ಟಿರುವನು.

ಗೊಂಡೆಯನ್ನು ನೋಡಬೇಕೆಂಬ ವಿಧಿಯಿರುವುದರಿಂದ ತಲ್ಲಿತ್ತನ್ನು ಹಗಲಿನಲ್ಲಿ ಹೊದೆಯುವುದು ರೂಢಿ; ಪ್ರಾಯಶ್ಚಿತ್ತದಿನದ ಹಿಂದಿನ ಸಂಜೆಯ ಪ್ರಾರ್ಥನೆಯು ಇದಕ್ಕೆ ಅಪವಾದ. ವಿವಾಹದಲ್ಲಿ ವಧೂವರರ ಮೇಲೆ ಇದನ್ನೇ ಚಪ್ಪರದಂತೆ ಹಿಡಿಯುವ ಪದ್ಧತಿಯೂ ಉಂಟು. ಮೃತನಾದವನನ್ನು ಅವನ ತಲ್ಲಿತ್ತಿನಲ್ಲಿಯೇ ಸುತ್ತಿ, ಒಂದು ಗೊಂಡೆಯನ್ನು ಕತ್ತರಿಸಿ, ಸಮಾಧಿಮಾಡುವರು. ಆಜ್ಞಾಪಾಲನೆಯ ಭಾರವು ಅವನಿಗೆ ಇನ್ನಿಲ್ಲವೆಂದು ಅದರ ತಾತ್ಪರ್ಯ. ಪೋಲೆಂಡಿನಲ್ಲಿ ನಾಜಿಗಳು ನಡೆಸಿದ ಆಶ್‌ವಿಟ್ಸ್ ಮರಣಶಿಬಿರವು 1945ರ ಜನವರಿ 27ರಂದು ವಿಮೋಚನೆಗೊಂಡಿತು. ಅಲ್ಲಿಗೆ ಒಯ್ಯಲ್ಪಟ್ಟವರ ತಲ್ಲಿತ್ತುಗಳು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇವೆ. ಒಡೆಯರೊಡನೆ ಮಣ್ಣಿಗೆ ಸೇರಬೇಕಾಗಿದ್ದ ವಸ್ತ್ರಗಳು ಒಡೆಯರಿಗೆ ಸಮಾಧಿಯೇ ಇಲ್ಲದೆ ಉಳಿದುಕೊಂಡಿರುವುವು.

ಇನ್ನು ನೀಲಿಯ ವಿಚಾರ. ‘ತೆಖೆಲೆತ್’ ಎಂಬ ಈ ಬಣ್ಣವನ್ನು ‘ಹಿಲ್ಲಜೋನ್’ ಎಂಬ ಸಮುದ್ರಜಂತುವಿನಿಂದಲೇ ತೆಗೆಯಬೇಕೆಂದು ತಾಲ್ಮುದ್ ಗ್ರಂಥದ ನಿಯಮ. ನಮ್ಮ ದೇಶದಲ್ಲಿ ಚಿರಪರಿಚಿತವಾದ ನೀಲಿಗಿಡದ ಬಣ್ಣವು ಕಣ್ಣಿಗೆ ಅದರಂತೆಯೇ ತೋರುವುದು. ಆದರೂ ಗಿಡದ ಬಣ್ಣವನ್ನು ಕಟ್ಟಿ ತೆಖೆಲೆತ್ ಎಂದು ಹೇಳಿಕೊಳ್ಳುವವನನ್ನು ಮನುಷ್ಯರು ಗುರುತಿಸದಿದ್ದರೂ ದೇವರು ಗುರುತಿಸುವನೆಂದು ತಾಲ್ಮುದ್ ಎಚ್ಚರಿಸುತ್ತದೆ. ಕ್ರಿ. ಶ. 7ನೆಯ ಶತಮಾನದ ಸುಮಾರಿಗೆ ಈ ರಂಗಿನ ವಿದ್ಯೆಯು ನಷ್ಟವಾಯಿತು. ನೀಲಿಯಿಲ್ಲದಿದ್ದರೂ ಬಿಳಿಯ ದಾರಗಳಿಂದ ವಿಧಿಯು ಸಿದ್ಧಿಸುವುದೆಂದು ಪ್ರಾಚೀನ ಮಿಷ್ನಾ ಗ್ರಂಥವು ಮೊದಲೇ ನಿರ್ಣಯಿಸಿದ್ದುದರಿಂದ ಅವರು ಬರಿಯ ಬಿಳಿಯನ್ನೇ ಕಟ್ಟುತ್ತ ಬಂದರು.

ನಷ್ಟವಾದುದನ್ನು ಹುಡುಕುವ ಪ್ರಯತ್ನವು 19ನೆಯ ಶತಮಾನದಲ್ಲಿ ಆರಂಭವಾಯಿತು. 1887ರಲ್ಲಿ ಪೋಲೆಂಡಿನ ರಾಡ್ಜಿನ್ ಊರಿನ ಗುರು ಗೆರ್ಷೋನ್ ಹೆನೋಖ್ ಲೈನರ್ ಎಂಬವರು ಶಾಯಿಯನ್ನು ಸೂಸುವ ಒಂದು ಕಡಲಜೀವಿಯೇ ಹಿಲ್ಲಜೋನ್ ಎಂದು ಪ್ರತಿಪಾದಿಸಿ, ಅದರಿಂದ ನೀಲಿಯನ್ನು ಮಾಡಿಸಿದರು. ಐಸಾಕ್ ಹೆರ್ಜೋಗ್ ಎಂಬ ಪಂಡಿತರು 1913ರ ತಮ್ಮ ಪ್ರಬಂಧಕ್ಕಾಗಿ ಆ ಬಣ್ಣವನ್ನು ರಸಾಯನಜ್ಞರಿಂದ ಪರೀಕ್ಷಿಸಿದಾಗ, ಅದು ಕಬ್ಬಿಣವನ್ನು ಸೇರಿಸಿ ಮಾಡುವ ಸಾಮಾನ್ಯವಾದ ‘ಪ್ರಷ್ಯನ್ ನೀಲಿ’ಯೆಂದು ತಿಳಿದುಬಂದಿತು. ಮ್ಯೂರೆಕ್ಸ್ ಎಂಬ ಕಡಲ ಶಂಖುವಿನ ಮೇಲೆ ಅವರ ಗಮನವು ಹೋಗಿದ್ದರೂ ಅದರ ಬಣ್ಣವು ನೇರಳೆಯಾದುದರಿಂದ ಸಂದೇಹವು ಉಳಿಯಿತು. 1980ರ ದಶಕದಲ್ಲಿ ಒಟ್ಟೊ ಎಲ್ಸ್‌ನರ್ ಎಂಬ ರಸಾಯನಜ್ಞರು ಆ ದ್ರಾವಣವನ್ನು ಬಿಸಿಲಿಗೊಡ್ಡಿದರೆ ನೇರಳೆಯು ಶುದ್ಧ ನೀಲಿಯಾಗುವುದೆಂದು ಕಂಡುಹಿಡಿದರು. ಆ ನೀಲಿಗೂ ನೀಲಿಗಿಡದ ನೀಲಿಗೂ ರಾಸಾಯನಿಕವಾಗಿ ಭೇದವಿಲ್ಲವೆಂಬುದು ಸೋಜಿಗದ ಸಂಗತಿ. ಇಂದು ಕೆಲವರು ಈ ಎಳೆಯನ್ನು ಕಟ್ಟುವರು. ಪ್ರಮಾಣವು ಸಾಲದೆಂದು ಬಹುಮಂದಿ ಬಿಳಿಯಲ್ಲಿಯೇ ನಿಂತಿರುವರು.

ಸೋಮಲತೆಯು ದೊರೆಯದಾಗ ಪೂತೀಕವನ್ನು ಪ್ರತಿನಿಧಿಯಾಗಿ ಸ್ವೀಕರಿಸಬಹುದೆಂದು ನಮ್ಮ ಮೀಮಾಂಸಕರು ಹೇಳಿರುವರು. ಪ್ರತಿನಿಧಿಯನ್ನು ಪ್ರತಿನಿಧಿಯೆಂದೇ ಹೇಳಿ ಸ್ವೀಕರಿಸುವುದು ಬೇರೆ. ಅದನ್ನೇ ಮೂಲವೆಂದು ನಂಬಿಸುವುದು ಬೇರೆ. ಹೋಲುವ ಬಣ್ಣವು ಕೈಗೆಟಕುವಂತಿದ್ದರೂ ಈ ಜನರು ಸಾವಿರ ವರ್ಷಗಳವರೆಗೆ ನೀಲಿಯ ಸ್ಥಾನವನ್ನು ಬರಿದಾಗಿ ಬಿಟ್ಟರು. ಕಳೆದುಹೋದುದು ಕಳೆದುಹೋಗಿದೆಯೆಂದು ಒಪ್ಪಿಕೊಳ್ಳುವುದೂ ಪರಂಪರೆಯ ರಕ್ಷಣೆಯೇ ಆಗಿರುವುದು. ಆ ಬಿಳಿಯ ಎಳೆಯು ಸುಳ್ಳು ಹೇಳಲಿಲ್ಲವಾದುದರಿಂದಲೇ ನಿಜವಾದ ನೀಲಿಯನ್ನು ಹುಡುಕುವ ಆಸೆಯು ಅವರಲ್ಲಿ ಆರದೆ ಉಳಿಯಿತೆಂದು ನನ್ನ ಅಭಿಪ್ರಾಯ.