ಕ್ಲೋಸ್‌ಪೇಟೆ: ಐರಿಷ್ ಗುರುತು, ಕಾಮನ್‌ವೆಲ್ತ್ ಮತ್ತು ರಾಮನಗರ ಸೀಮೆ

ಕ್ಲೋಸ್‌ಪೇಟೆ ಇಂದಿನ ರಾಮನಗರದ ಹಳೆಯ ಹೆಸರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ದರ್ಬಾರಿಗೆ ಮೊದಲ ಬ್ರಿಟಿಷ್ ರೆಸಿಡೆಂಟ್ ಆಗಿ ಬಂದವನು ಬ್ಯಾರಿ ಕ್ಲೋಸ್. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿ ಗುಡ್ಡಗಾಡಿನ ನಡುವೆ ಹಾಯುವ ಜಾಗದಲ್ಲಿ ದಿವಾನ್ ಪೂರ್ಣಯ್ಯ 1800ರಲ್ಲಿ ಪೇಟೆಯೊಂದನ್ನು ಕಟ್ಟಿಸಿ ಅವನ ಹೆಸರಿಟ್ಟರು. ಕ್ಲೋಸ್ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಐರ್ಲೆಂಡಿನ ಅರ್ಮಾ ಕೌಂಟಿಯಲ್ಲಿ. ಮುಂದೆ ಪುಣೆಯ ರೆಸಿಡೆಂಟ್ ಆಗಿ, ಪೇಶ್ವೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಕಟ್ಟಿಹಾಕಿದ 1802ರ ಬಸ್ಸೀನ್ ಒಪ್ಪಂದವನ್ನು ಮಾಡಿಸಿದವನೂ ಅವನೇ. ಟಿಪ್ಪುವಿನ ನಂತರ ಮೈಸೂರನ್ನು ಹಂಚಲು ಕೂತ ಐವರ ಆಯೋಗದಲ್ಲಿ ಕ್ಲೋಸ್, ಆರ್ಥರ್ ವೆಲ್ಲೆಸ್ಲಿ, ಹೆನ್ರಿ ವೆಲ್ಲೆಸ್ಲಿ ಮೂವರೂ ಐರ್ಲೆಂಡ್ ಮೂಲದವರು. ಪೇಟೆ ಎದ್ದ ಅದೇ 1800ರಲ್ಲಿ ಐರ್ಲೆಂಡಿನ ಸಂಸತ್ತನ್ನು ಮುಚ್ಚಿ ಆ ದೇಶವನ್ನು ಬ್ರಿಟನ್ನಿನೊಂದಿಗೆ ಒಂದಾಗಿಸುವ ಕಾಯ್ದೆಯೂ ಪಾಸಾಯಿತು. ಆಳಿಸಿಕೊಂಡ ನಾಡಿನವರು ಇನ್ನೊಂದು ನಾಡನ್ನು ಆಳಲು ಬಂದಿದ್ದರು. ‘ಬ್ರಿಟಿಷ್’ ಎಂಬ ಕೂಟದೊಳಗಿರುವುದು ಒಂದು, ತನ್ನ ನಾಡಿನ ಗುರುತು ಇನ್ನೊಂದು. ಎರಡೂ ಒಂದೇ ದಾರಿಯಲ್ಲಿ ನಡೆಯುವುದಿಲ್ಲ ಎನ್ನುವುದಕ್ಕೆ ಕ್ಲೋಸ್ ಮೊದಲ ಸಾಕ್ಷಿ. ಐರ್ಲೆಂಡ್ ಮತ್ತೆ ಕಾಮನ್‌ವೆಲ್ತ್ ಸೇರಬೇಕೇ ಎಂಬ ಚರ್ಚೆಯನ್ನು ಈ ತಿಳಿವಳಿಕೆಯಿಂದಲೇ ನೋಡಬೇಕಾಗುತ್ತದೆ.

ಬ್ರಿಟಿಷ್ ಸಾಮ್ರಾಜ್ಯದಿಂದ ಬೆಳೆದ ಕಾಮನ್‌ವೆಲ್ತ್ ಎಂಬ ದೇಶಗಳ ಕೂಟದೊಳಗೆ ಐರ್ಲೆಂಡ್ ತಾನಾಗಿ ಹೋದದ್ದಲ್ಲ. ಬ್ರಿಟನ್ನಿನೊಂದಿಗಿನ 1921ರ ಡಿಸೆಂಬರಿನ ಒಪ್ಪಂದ ಅದಕ್ಕೆ ಕೆನಡಾ, ಆಸ್ಟ್ರೇಲಿಯಾಗಳ ಹಾಗೆ ಡೊಮಿನಿಯನ್ (ದೊರೆಯ ಕೆಳಗೆ ಸ್ವಯಮಾಡಳಿತ) ಸ್ಥಾನ ಕೊಟ್ಟಿತು, ಜೊತೆಗೆ ದೊರೆಗೆ ನಿಷ್ಠೆ ಸೂಚಿಸುವ ಪ್ರಮಾಣವಚನವನ್ನೂ ಹೇರಿತು. 1922-23ರ ಅಂತರ್ಯುದ್ಧದಲ್ಲಿ ಅಣ್ಣತಮ್ಮಂದಿರು ಎದುರುಬದುರಾದದ್ದು ಬಹುಪಾಲು ಈ ವಚನದ ಮಾತುಗಳಿಗಾಗಿ. ಉತ್ತರದ ಆರು ಕೌಂಟಿಗಳು ಬ್ರಿಟನ್ನಿನಲ್ಲೇ ಉಳಿದು ದೇಶ ಎರಡಾಗಿದ್ದ ಸಂಗತಿ ಆ ಜಗಳದಲ್ಲಿ ಹಿಂದೆ ಸರಿದಿತ್ತೆಂಬುದು ಇಂದಿಗೂ ಅಚ್ಚರಿ ಹುಟ್ಟಿಸುತ್ತದೆ. ಆಮೇಲಿನ ಹದಿನೈದು ವರ್ಷಗಳಲ್ಲಿ ಕಟ್ಟುಗಳು ಒಂದೊಂದಾಗಿ ಸಡಿಲವಾದವು. ಡೊಮಿನಿಯನ್‌ಗಳ ಶಾಸನಾಧಿಕಾರವನ್ನು ಒಪ್ಪಿದ 1931ರ ವೆಸ್ಟ್‌ಮಿನ್‌ಸ್ಟರ್ ಶಾಸನ ಬರುವುದರಲ್ಲಿ ಐರಿಷ್ ಪ್ರತಿನಿಧಿಗಳ ಪಾಲು ಸಣ್ಣದಲ್ಲ. 1933ರಲ್ಲಿ ಪ್ರಮಾಣವಚನ ಹೋಯಿತು, 1937ರಲ್ಲಿ ಸರ್ಕಾರದ ಮುಖ್ಯಸ್ಥ ಡಿ ವ್ಯಾಲೆರಾ ಹೊಸ ಸಂವಿಧಾನ ತಂದರು, ಎರಡನೆಯ ಮಹಾಯುದ್ಧದಲ್ಲಿ ಐರ್ಲೆಂಡ್ ತಟಸ್ಥವಾಗಿ ಉಳಿಯಿತು. ಇಷ್ಟೆಲ್ಲ ಆದದ್ದು ಕೂಟದೊಳಗಿದ್ದುಕೊಂಡೇ. 1949ರ ಏಪ್ರಿಲ್ 18ರ ಈಸ್ಟರ್ ಸೋಮವಾರ ಗಣರಾಜ್ಯ ಕಾಯ್ದೆ ಜಾರಿಗೆ ಬಂದು ಐರ್ಲೆಂಡ್ ಕಾಮನ್‌ವೆಲ್ತಿನಿಂದ ಹೊರಬಿತ್ತು. ಆಗಿನ ನಿಯಮದಂತೆ ದೊರೆಯನ್ನು ಒಪ್ಪದ ಗಣರಾಜ್ಯಕ್ಕೆ ಅಲ್ಲಿ ಜಾಗವಿರಲಿಲ್ಲ.

ಆ ನಿಯಮ ಎರಡು ವಾರವೂ ಬಾಳಲಿಲ್ಲ. ಅದೇ ಏಪ್ರಿಲ್ ತಿಂಗಳ ಕೊನೆಯಲ್ಲಿ ಲಂಡನ್ನಿನಲ್ಲಿ ಸೇರಿದ ಪ್ರಧಾನಿಗಳ ಸಭೆ, ಭಾರತ ಗಣರಾಜ್ಯವಾದರೂ ಸದಸ್ಯನಾಗಿ ಉಳಿಯಬಹುದು, ದೊರೆಯನ್ನು ಕೂಟದ ಮುಖ್ಯಸ್ಥನೆಂದು ಮಾತ್ರ ಗುರುತಿಸಿದರೆ ಸಾಕು ಎಂದು ಘೋಷಿಸಿತು. ನೆಹರೂ ತಂದ ಈ ಒಪ್ಪಂದವನ್ನು ಸಂವಿಧಾನ ಸಭೆ ಮೇ ತಿಂಗಳಲ್ಲಿ ಚರ್ಚಿಸಿ ಒಪ್ಪಿತು. ಗುಲಾಮಗಿರಿಯ ಬಾಲ ಉಳಿಯಿತೆಂದು ಟೀಕಿಸಿದವರೂ ಇದ್ದರು. ಆ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಯಾಗಿದ್ದವರಲ್ಲಿ ರಾಮನಗರ ಸೀಮೆಯ ಕೆಂಗಲ್ ಹನುಮಂತಯ್ಯ ಒಬ್ಬರು. ನಮಗೆ ಬೇಕಿದ್ದದ್ದು ವೀಣೆ, ಸಿತಾರಿನ ನಾದ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂಬರ್ಥದಲ್ಲಿ ಸಂವಿಧಾನದ ಕರಡಿನ ಬಗ್ಗೆ ಅವರು 1949ರ ನವೆಂಬರಿನಲ್ಲಿ ಆಡಿದ ಮಾತು ಈಗಲೂ ಉಲ್ಲೇಖವಾಗುತ್ತದೆ. ಆದರೆ ಆ ಬ್ಯಾಂಡಿನಲ್ಲಿ ಐರಿಷ್ ಸ್ವರವೂ ಇತ್ತು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಲಹೆಗಾರರಾಗಿ 1947ರಲ್ಲಿ ಡಬ್ಲಿನ್ನಿಗೆ ಹೋಗಿ ಡಿ ವ್ಯಾಲೆರಾ ಅವರನ್ನು ಕಂಡಿದ್ದರು. ನಮ್ಮ ರಾಜ್ಯನೀತಿಯ ನಿರ್ದೇಶಕ ತತ್ವಗಳ ಮಾದರಿ 1937ರ ಐರಿಷ್ ಸಂವಿಧಾನದ 45ನೆಯ ವಿಧಿ. ಕೂಟ ಬಿಟ್ಟವರ ಸಂವಿಧಾನದಿಂದ ಎರವಲು ತಂದು, ಕೂಟದಲ್ಲಿ ಉಳಿದವರು ಗಣರಾಜ್ಯ ಕಟ್ಟಿದರು. ಮುಂದೆ ಮುಖ್ಯಮಂತ್ರಿಯಾಗಿ ವಿಧಾನಸೌಧ ಕಟ್ಟಿಸಿದ ಹನುಮಂತಯ್ಯನವರೇ ಕ್ಲೋಸ್‌ಪೇಟೆಗೆ ರಾಮನಗರ ಎಂಬ ಹೆಸರು ಕೊಟ್ಟರೆಂಬುದು ಪ್ರಸಿದ್ಧ. ಭಾರತ ಕಾಮನ್‌ವೆಲ್ತಿನ ಸದಸ್ಯನಾಗಿದ್ದಾಗಲೇ ಇಲ್ಲಿ ರೆಸಿಡೆಂಟನ ಹೆಸರು ಬೋರ್ಡಿನಿಂದ ಇಳಿಯಿತು. ಸದಸ್ಯತ್ವ ಅದಕ್ಕೆ ಅಡ್ಡ ಬರಲಿಲ್ಲ.

ಹೆಸರು ಪೂರ್ತಿ ಅಳಿಯಲೂ ಇಲ್ಲ. ಮೈಸೂರು ಸಂಸ್ಥಾನದ ಕಾಲದ ಭೂವಿಜ್ಞಾನಿಗಳು ಇಲ್ಲಿನ ಶಿಲೆಗೆ ಇಟ್ಟ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂಬ ಹೆಸರು ಜಗತ್ತಿನ ಪಠ್ಯಗಳಲ್ಲಿ ಹಾಗೆಯೇ ಇದೆ. ಸುಮಾರು 250 ಕೋಟಿ ವರ್ಷ ಹಳೆಯದಾದ, ಉತ್ತರ–ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿದ ಈ ಪಟ್ಟಿಯಲ್ಲೇ ರಾಮದೇವರ ಬೆಟ್ಟವೂ ಮಾಗಡಿಯ ಸಾವನದುರ್ಗವೂ ನಿಂತಿವೆ. ಒಡೆದ ಬಂಡೆಯ ಮೈ ನೋಡಿದರೆ ಹೆಬ್ಬೆರಳಿನಷ್ಟು ದೊಡ್ಡ ನಸುಗೆಂಪು ಫೆಲ್ಡ್‌ಸ್ಪಾರ್ ಹರಳುಗಳು, ಅವುಗಳ ಸಂದಿನಲ್ಲಿ ಬೂದು ಸ್ಫಟಿಕ, ಕಪ್ಪು ಕಾಗೆಬಂಗಾರದ ಚೂರುಗಳು ಕಾಣುತ್ತವೆ. ಕುಳಿ ತೋಡಿ ಚಪ್ಪಡಿ ಎಬ್ಬಿಸುವ ಕಲ್ಲುಕುಟಿಗನಿಗೆ ಅದರ ಶಾಸ್ತ್ರೀಯ ಹೆಸರಿನ ಗೊಡವೆಯಿಲ್ಲ; ಆ ಹೆಸರಿನಿಂದ ರಾಮನಗರದವರ ಗುರುತಿಗೆ ಕುಂದು ಬಂತೆಂದು ಯಾರೂ ದೂರಿದ್ದೂ ಇಲ್ಲ.

ಸದಸ್ಯತ್ವ ಗುರುತಿಗೆ ಅಡ್ಡಿಯಲ್ಲ ಎಂಬ ಈ ಮಾತಿಗೆ ಐರ್ಲೆಂಡಿನ ಕಡೆಯಿಂದ ಬರುವ ಮೊದಲ ಆಕ್ಷೇಪ, ಭಾರತದ ಅಳತೆಗೋಲು ಅಲ್ಲಿಗೆ ಹೊಂದದು ಎಂಬುದು. ಭಾರತಕ್ಕೆ ಬ್ರಿಟನ್ ಸಮುದ್ರದಾಚೆಯ ದೂರದ ದೇಶ. ಐರ್ಲೆಂಡಿಗೆ ಅದು ಪಕ್ಕದ ಮನೆ. ಅಲ್ಲಿ ಜಮೀನು ಕಿತ್ತು ಪರಕೀಯರನ್ನು ನೆಲೆಗೊಳಿಸಿದ್ದರು, 1845ರ ನಂತರದ ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಮನೆಮಾತು ಇಂಗ್ಲಿಷಿಗೆ ಜಾಗ ಬಿಟ್ಟಿತು, ಆರು ಕೌಂಟಿಗಳು ಇಂದಿಗೂ ಬ್ರಿಟನ್ನಿನಲ್ಲಿವೆ. ಇದನ್ನು ತಳ್ಳಿಹಾಕಲಾಗದು. ಆದರೆ ಈ ಗಾಯಗಳಲ್ಲಿ ಯಾವುದನ್ನೂ 1949ರ ನಿರ್ಗಮನ ಮಾಯಿಸಲಿಲ್ಲ. ಐರಿಷ್ ಭಾಷೆ ಸಂವಿಧಾನದಲ್ಲಿ ಪ್ರಥಮ ಅಧಿಕೃತ ಭಾಷೆಯಾಗಿದ್ದೂ ದಿನಬಳಕೆಯಲ್ಲಿ ಅಲ್ಪಸಂಖ್ಯಾತರ ಮಾತಾಗಿಯೇ ಉಳಿದಿದೆ. ಅತ್ತ, ಬ್ರಿಟನ್ 1949ರಲ್ಲೇ ತಂದ ಐರ್ಲೆಂಡ್ ಕಾಯ್ದೆ ಆ ದೇಶವನ್ನು ‘ವಿದೇಶ’ವಲ್ಲವೆಂದು ಘೋಷಿಸಿತು, ಐರಿಷ್ ಪ್ರಜೆಗಳಿಗೆ ಬ್ರಿಟನ್ನಿನಲ್ಲಿ ವಾಸ, ಕೆಲಸ, ಮತದಾನದ ಅನುಕೂಲಗಳು ಮುಂದುವರಿದವು. ಅದೇ ಕಾಯ್ದೆ, ಉತ್ತರ ಐರ್ಲೆಂಡ್ ತನ್ನ ಸಂಸತ್ತಿನ ಒಪ್ಪಿಗೆಯಿಲ್ಲದೆ ಬ್ರಿಟನ್ನಿನಿಂದ ಬೇರ್ಪಡದು ಎಂಬ ಭರವಸೆಯನ್ನೂ ಬರೆಯಿತು. ಬಿಟ್ಟದ್ದರಿಂದ ಕಳೆದದ್ದೂ ಉಳಿದದ್ದೂ ಗುರುತಿನ ಲೆಕ್ಕಕ್ಕೆ ಸಿಗುವಂಥವಲ್ಲ.

ಎರಡನೆಯ ಆಕ್ಷೇಪ, ಸೇರಿದರೆ ದೊರೆಗೆ ತಲೆಬಾಗಬೇಕಾಗುತ್ತದೆ ಎಂಬುದು. ಆದರೆ ಕೂಟದ 56 ದೇಶಗಳಲ್ಲಿ 36 ಗಣರಾಜ್ಯಗಳು. ಮುಖ್ಯಸ್ಥನ ಪಟ್ಟ ವಂಶಪಾರಂಪರ್ಯದ್ದಲ್ಲ, ಚಾರ್ಲ್ಸ್ ಅವರನ್ನು 2018ರಲ್ಲಿ ಸದಸ್ಯ ದೇಶಗಳ ನಾಯಕರು ಒಪ್ಪಬೇಕಾಯಿತು. ಮೊಜಾಂಬಿಕ್, ರುವಾಂಡಾದಂಥ ಬ್ರಿಟನ್ ವಸಾಹತಾಗಿರದ ದೇಶಗಳೂ ಒಳಬಂದಿವೆ. ಬಿಟ್ಟು ಮರಳಿದವರಿಗೂ ಕೊರತೆಯಿಲ್ಲ: ವರ್ಣಭೇದ ನೀತಿಯ ಕಾಲದಲ್ಲಿ, 1961ರಲ್ಲಿ ಹೊರಹೋದ ದಕ್ಷಿಣ ಆಫ್ರಿಕಾ 1994ರಲ್ಲಿ ಮರಳಿತು, 1972ರಲ್ಲಿ ಬಿಟ್ಟ ಪಾಕಿಸ್ತಾನ 1989ರಲ್ಲಿ. ಇವರಲ್ಲಿ ಯಾರ ರಾಷ್ಟ್ರೀಯತೆಯೂ ಮೆತ್ತಗಾದಂತೆ ಕಾಣುವುದಿಲ್ಲ. ಕಾಮನ್‌ವೆಲ್ತ್ ಬಗ್ಗೆ ಮರುಚಿಂತನೆ ಬೇಕೆಂದ ಐರಿಷ್ ರಾಜಕಾರಣಿಗಳಲ್ಲಿ ಏಮನ್ ಓ ಕ್ವೀವ್ ಒಬ್ಬರು. ಅವರು ಡಿ ವ್ಯಾಲೆರಾ ಅವರ ಮೊಮ್ಮಗ ಎಂಬುದನ್ನು ಗಮನಿಸಬೇಕು. ಒಂದಾದ ಐರ್ಲೆಂಡಿನಲ್ಲಿ ಬ್ರಿಟಿಷ್ ನಿಷ್ಠೆಯ ಉತ್ತರದವರಿಗೂ ನೆಲೆ ಸಿಗಲಿ ಎಂಬುದು ಈ ವಾದದ ತಿರುಳು.

ಹಾಗೆಂದು ಸೇರಲೇಬೇಕೆಂದು ಸಾಧಿಸಿದಂತಾಗಲಿಲ್ಲ. ಗುರುತು ಹೋಗುತ್ತದೆ ಎಂಬುದು ಸೇರ್ಪಡೆಯ ವಿರುದ್ಧದ ಅತ್ಯಂತ ದುರ್ಬಲ ವಾದ. ಬಲವಾದದ್ದು, ಇದರಿಂದ ಯಾರಿಗೇನು ಪ್ರಯೋಜನ ಎಂಬುದು. 1973ರಲ್ಲಿ ಸೇರಿದ ಯುರೋಪಿನ ಕೂಟ ಐರ್ಲೆಂಡಿಗೆ ಮಾರುಕಟ್ಟೆ, ಹಣ, ದನಿ ಮೂರನ್ನೂ ಕೊಟ್ಟಿದೆ. ಕಾಮನ್‌ವೆಲ್ತ್ ಬಳಿ ಅಂಥದ್ದೇನಿಲ್ಲ. ರಾಣಿ ಎಲಿಜಬೆತ್ 2011ರ ಮೇ ತಿಂಗಳಲ್ಲಿ ಡಬ್ಲಿನ್ನಿಗೆ ಬಂದು ಸ್ವಾತಂತ್ರ್ಯ ಹೋರಾಟದಲ್ಲಿ ಮಡಿದವರ ಸ್ಮಾರಕದ ಮುಂದೆ ತಲೆಬಾಗಿದ್ದಕ್ಕೂ, ಐರಿಷ್ ಭಾಷೆಯಲ್ಲಿ ಮಾತು ಶುರುಮಾಡಿದ್ದಕ್ಕೂ ಸದಸ್ಯತ್ವ ಬೇಕಾಗಿರಲಿಲ್ಲ. ಉತ್ತರದ ನಿಷ್ಠಾವಂತರಿಗೆ ಬೇಕಿರುವುದು ಬ್ರಿಟನ್ನಿನಲ್ಲೇ ಉಳಿಯುವುದು. ಐರ್ಲೆಂಡ್ ಕಾಮನ್‌ವೆಲ್ತ್ ಸೇರಿದರೆ ಅವರು ಆ ಹಟ ಬಿಟ್ಟಾರೆಂದು ನಂಬಲು ಆಧಾರ ಸಾಲದು. ಒಂದಾಗುವ ಮಾತುಕತೆ ನಿಜಕ್ಕೂ ಶುರುವಾದರೆ, ಆಗ ಇದು ಮೇಜಿನ ಮೇಲಿಡಬಹುದಾದ ಒಂದು ಪಟ್ಟು. ಮೊದಲೇ ಬಿಟ್ಟುಕೊಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಕ್ಲೋಸ್‌ಪೇಟೆಯ ಸೀಮೆಯಲ್ಲಿ ಇದೇ ಬಗೆಯ ತಕರಾರು ಈಚೆಗೆ ಬೇರೊಂದು ಕೂಟದ ಸಂಬಂಧವಾಗಿ ಎದ್ದಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 1986ರವರೆಗೆ ಬೆಂಗಳೂರು ಜಿಲ್ಲೆ, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ರಾಮನಗರ ಜಿಲ್ಲೆ. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟಿತು. ಜಿಲ್ಲಾ ಕೇಂದ್ರ ರಾಮನಗರವೇ. ನಾವು ಮೊದಲಿನಿಂದ ಬೆಂಗಳೂರಿನವರು ಎಂದು ಆಗ ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಬಣ, ರಾಮನ ಹೆಸರು ಅಳಿಸಿದರು ಎಂದು ಕುಮಾರಸ್ವಾಮಿ ಬಣ. ಮೊದಲ ಮಾತಿಗೂ ಇತಿಹಾಸದ ಆಸರೆ ಉಂಟು: 1638ರಲ್ಲಿ ಬೆಂಗಳೂರು ಬಿಜಾಪುರದ ಪಾಲಾದ ಮೇಲೆ ಕೆಂಪೇಗೌಡರ ವಂಶ ಮಾಗಡಿಯಿಂದಲೇ ಆಳಿತು. ಹೋಲಿಕೆ ಒಂದು ಹಂತಕ್ಕೆ ನಿಲ್ಲುತ್ತದೆ. ಐರ್ಲೆಂಡ್ ತನ್ನ ತೀರ್ಮಾನ ತಾನೇ ಮಾಡಬಲ್ಲದು, ಜಿಲ್ಲೆಗೆ ಆ ಅಧಿಕಾರವಿಲ್ಲ. ಆದರೂ ಎರಡೂ ಕಡೆ ಗುರುತಿನ ಗದ್ದಲದಲ್ಲಿ ಉಪಯೋಗದ ಪ್ರಶ್ನೆ ಮುಚ್ಚಿಹೋಗಿದೆ. ‘ಬೆಂಗಳೂರು ದಕ್ಷಿಣ’ ಎಂಬ ಲೋಕಸಭಾ ಕ್ಷೇತ್ರವೂ ತಾಲ್ಲೂಕೂ ಬೆಂಗಳೂರು ನಗರ ಜಿಲ್ಲೆಯಲ್ಲಿ ಮೊದಲೇ ಇವೆ. ರಾಮನಗರದವರು ಮತ ಹಾಕುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ. ಬೆಂಗಳೂರು–ಮಂಗಳೂರು ಹೆದ್ದಾರಿಯ ಸೋಲೂರಿನ ಕಥೆ ಇನ್ನೂ ಸಿಕ್ಕು. ಮಾಗಡಿ ತಾಲ್ಲೂಕಿನ ಹೋಬಳಿಯಾಗಿ ಬೆಳೆದ ಈ ಊರಿನವರು ಶಾಸಕರನ್ನು ಆರಿಸುವುದು ನೆಲಮಂಗಲ ಕ್ಷೇತ್ರದಿಂದ, ಸಂಸದರನ್ನು ಚಿಕ್ಕಬಳ್ಳಾಪುರದಿಂದ. ಪಹಣಿ, ಪೋಡಿ, ವೃದ್ಧಾಪ್ಯ ವೇತನಕ್ಕೆ ಯಾವ ಕಚೇರಿಗೆ ಹೋಗಬೇಕು, ಅದು ಊರಿನಿಂದ ಎಷ್ಟು ದೂರ ಎಂಬುದೇ ಅಲ್ಲಿ ಕೇಳಬೇಕಾದ ಪ್ರಶ್ನೆ. ಜಿಲ್ಲೆಯ ಹೆಸರು ಬದಲಾದುದರಿಂದ ಅದಕ್ಕೆ ಉತ್ತರ ಸಿಗುವುದಿಲ್ಲ.