ಪಾಯಿನ್ಸೆಟ್ ಕೌಂಟಿಯ ಹತ್ತಿ ಸಹಾಯಧನ

ಪಾಯಿನ್ಸೆಟ್ ಕೌಂಟಿಯ ಹತ್ತಿ ಸಹಾಯಧನವು ಅಮೆರಿಕದ ಒಕ್ಕೂಟ ಸರ್ಕಾರವು 1933ರ ಕೃಷಿ ಹೊಂದಾಣಿಕೆ ಕಾಯ್ದೆಯಡಿ ಅರ್ಕಾನ್ಸಾ ರಾಜ್ಯದ ಈಶಾನ್ಯ ಭಾಗದ ಈ ಗ್ರಾಮೀಣ ಕೌಂಟಿಯ ಬೆಳೆಗಾರರಿಗೆ ನೀಡಿದ ನೆರವು. ಹತ್ತಿ ಬೆಳೆಯುವುದಕ್ಕಲ್ಲ, ಬೆಳೆಯುವ ಪ್ರದೇಶವನ್ನು ಕಡಿಮೆ ಮಾಡುವುದಕ್ಕೆ ಕೊಟ್ಟ ಹಣವಿದು. ಇದರ ಹಂಚಿಕೆಯ ಬಗೆಗಿನ ಅಸಮಾಧಾನವು ದಕ್ಷಿಣದ ಗೇಣಿದಾರರ ಸಂಘದ ಹುಟ್ಟಿಗೆ ಕಾರಣವಾಯಿತು.

ಹಿನ್ನೆಲೆ

1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟ್ ಇದ್ದ ಹತ್ತಿಯ ಬೆಲೆ 1931ರಲ್ಲಿ 6 ಸೆಂಟಿಗಿಂತ ಕೆಳಗಿಳಿಯಿತು. ಪೂರೈಕೆ ತಗ್ಗಿಸಿದರೆ ಬೆಲೆ ಏರುತ್ತದೆಂಬ ಲೆಕ್ಕಾಚಾರದಲ್ಲಿ ಸರ್ಕಾರವು 1933ರ ಬೇಸಿಗೆಯಲ್ಲಿ ದೇಶದಾದ್ಯಂತ ಸುಮಾರು 1 ಕೋಟಿ ಎಕರೆಯಲ್ಲಿ ಬೆಳೆದು ನಿಂತಿದ್ದ ಹತ್ತಿಯನ್ನು ಉಳುಮೆ ಮಾಡಿಸಿ ಮಣ್ಣಿಗೆ ಸೇರಿಸಿತು. ಇದಕ್ಕೆ ಬೇಕಾದ ಹಣವನ್ನು ಹತ್ತಿ ಸಂಸ್ಕರಿಸುವವರ ಮೇಲಿನ ತೆರಿಗೆಯಿಂದ ಹೊಂದಿಸಲಾಯಿತು.

ಹಣದ ಹಂಚಿಕೆ

ಕೌಂಟಿಯ ದೊಡ್ಡ ಹಿಡುವಳಿಗಳಲ್ಲಿ ದುಡಿಯುತ್ತಿದ್ದವರು ಬಹುಪಾಲು ಕೋರು ರೈತರು. ಬಿಳಿಯರೂ ಕರಿಯರೂ ಇದ್ದ ಇವರು ಬೆಳೆಯ ಅರ್ಧ ಪಾಲಿಗೆ ಸಾಗುವಳಿ ಮಾಡುತ್ತ, ಮಾಲೀಕನ ಅಂಗಡಿಯ ಸಾಲದಲ್ಲಿಯೇ ವರ್ಷ ಕಳೆಯುತ್ತಿದ್ದರು. 1934–35ರ ಒಪ್ಪಂದದ ಪ್ರಕಾರ ಹತ್ತಿ ಪೌಂಡಿಗೆ ದೊರೆಯುತ್ತಿದ್ದ ಸಹಾಯಧನ ಒಟ್ಟು ನಾಲ್ಕೂವರೆ ಸೆಂಟ್. ಅದರಲ್ಲಿ ಮೂರೂವರೆ ಸೆಂಟ್ ಪಾಳು ಬಿಟ್ಟ ಭೂಮಿಯ ಬಾಡಿಗೆಯಾಗಿ ಮಾಲೀಕನಿಗೆ ಸೇರುತ್ತಿತ್ತು. ಉಳಿದ ಒಂದು ಸೆಂಟಿನಲ್ಲಿ ಅರ್ಧ ಮಾತ್ರ ಕೋರು ರೈತನದು. ಆ ಅರ್ಧ ಸೆಂಟೂ ಮಾಲೀಕನ ಕೈ ದಾಟಿಯೇ ಬರಬೇಕಿತ್ತು, ಅನೇಕ ವೇಳೆ ಹಳೆಯ ಸಾಲಕ್ಕೆ ಜಮೆಯಾಗಿಬಿಡುತ್ತಿತ್ತು. ಯೋಜನೆಯನ್ನು ಸ್ಥಳೀಯವಾಗಿ ನಡೆಸುತ್ತಿದ್ದ ಸಮಿತಿಗಳಲ್ಲಿ ಭೂಮಾಲೀಕರದೇ ಪ್ರಾಬಲ್ಯವಿದ್ದುದರಿಂದ ದೂರು ನೀಡುವುದೂ ಅವರಿಗೇ ಎಂಬಂತಾಗಿತ್ತು.

ಬೇಸಾಯ ಕಡಿಮೆಯಾದಾಗ ಬೇಕಾದ ಕೈಗಳೂ ಕಡಿಮೆಯಾದವು. ಒಪ್ಪಂದದ 7ನೆಯ ಕಲಮು ‘ಸಾಧ್ಯವಾದಷ್ಟು ಮಟ್ಟಿಗೆ’ ಎಂದಿನಷ್ಟೇ ಸಂಖ್ಯೆಯ ಗೇಣಿದಾರರನ್ನು ಉಳಿಸಿಕೊಳ್ಳಬೇಕೆಂದು ಹೇಳುತ್ತಿತ್ತು. ಈ ಷರತ್ತು ಕಾಗದದಲ್ಲಿಯೇ ಉಳಿಯಿತು. 1934ರ ಆರಂಭದಲ್ಲಿ ಟೈರಾಂಜ ಪಟ್ಟಣದ ಬಳಿ ಹೈರಮ್ ನಾರ್‌ಕ್ರಾಸ್ ಒಡೆತನದ ಜಮೀನಿನಿಂದ ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು.

ಸಂಘಟನೆ

ಅದೇ ವರ್ಷದ ಜುಲೈನಲ್ಲಿ ಟೈರಾಂಜದ ಹತ್ತಿರದ ಶಾಲೆಯೊಂದರಲ್ಲಿ 11 ಮಂದಿ ಬಿಳಿಯರೂ 7 ಮಂದಿ ಕರಿಯರೂ ಸೇರಿ ಗೇಣಿದಾರರ ಸಂಘವನ್ನು ಸ್ಥಾಪಿಸಿದರು. ವರ್ಣಭೇದ ಕಾನೂನಾಗಿದ್ದ ದಕ್ಷಿಣದಲ್ಲಿ ಇದು ಸಾಹಸದ ಹೆಜ್ಜೆ. ಸಂಘಟನೆಯ ಮುಂದಾಳುಗಳಾದ ಎಚ್. ಎಲ್. ಮಿಚೆಲ್ ಬಟ್ಟೆ ಶುಚಿಗೊಳಿಸುವ ಅಂಗಡಿಯನ್ನೂ ಕ್ಲೇ ಈಸ್ಟ್ ಪೆಟ್ರೋಲ್ ಬಂಕನ್ನೂ ನಡೆಸುತ್ತಿದ್ದರು. ಸದಸ್ಯರ ಮೇಲೆ ಹಲ್ಲೆಗಳು ನಡೆದವು. ಸಂಘದ ಕಚೇರಿಯನ್ನು ಮೆಂಫಿಸ್‌ಗೆ ಸ್ಥಳಾಂತರಿಸಬೇಕಾಯಿತು. 1935ರ ಮಾರ್ಚ್‌ನಲ್ಲಿ ಸಮಾಜವಾದಿ ನಾಯಕ ನಾರ್ಮನ್ ಥಾಮಸ್ ಅವರನ್ನು ನೆರೆಯ ಮಿಸಿಸಿಪ್ಪಿ ಕೌಂಟಿಯ ಬರ್ಡ್‌ಸಾಂಗ್‌ನಲ್ಲಿ ವೇದಿಕೆಯಿಂದ ಕೆಳಗಿಳಿಸಿ ಅಟ್ಟಲಾಯಿತು.

ವಾಷಿಂಗ್ಟನ್‌ನಲ್ಲಿಯೂ ಈ ವಿವಾದ ಪ್ರತಿಧ್ವನಿಸಿತು. ಮಾಲೀಕರು ಅದೇ ಗೇಣಿದಾರರನ್ನೇ ಉಳಿಸಿಕೊಳ್ಳಬೇಕೆಂದು 7ನೆಯ ಕಲಮನ್ನು ಅರ್ಥೈಸಿದ ಕಾನೂನು ವಿಭಾಗದ ಜೆರೋಮ್ ಫ್ರಾಂಕ್ ಹಾಗೂ ಅವರ ಕೆಲವು ಸಹೋದ್ಯೋಗಿಗಳನ್ನು 1935ರ ಫೆಬ್ರುವರಿಯಲ್ಲಿ ವಜಾಗೊಳಿಸಲಾಯಿತು. ಅರ್ಕಾನ್ಸಾಕ್ಕೆ ತನಿಖೆಗೆ ತೆರಳಿದ್ದ ವಕೀಲೆ ಮೇರಿ ಕಾನರ್ ಮಯರ್ಸ್ ಅವರ ವರದಿಯನ್ನು ಸರ್ಕಾರ ಬಹಿರಂಗಪಡಿಸಲಿಲ್ಲ.

ನಂತರದ ಬೆಳವಣಿಗೆ

1936ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂಸ್ಕರಣಾ ತೆರಿಗೆಯನ್ನು ಅಸಾಂವಿಧಾನಿಕವೆಂದು ತೀರ್ಪಿತ್ತಿತು. 1938ರ ಹೊಸ ಕಾಯ್ದೆಯು ಬೆಳೆಯಲ್ಲಿನ ಪಾಲಿಗೆ ಅನುಗುಣವಾಗಿ ಗೇಣಿದಾರರಿಗೂ ಸಹಾಯಧನ ಹಂಚುವಂತೆ ವಿಧಿಸಿತು. ಪಾಲು ತಪ್ಪಿಸಲು ಅನೇಕ ಮಾಲೀಕರು ಕೋರು ರೈತರನ್ನು ಬಿಡಿಸಿ ದಿನಗೂಲಿಯವರನ್ನು ನೇಮಿಸಿಕೊಂಡರು; ಆದರೆ ಕೋರು ಪದ್ಧತಿಯ ಕುಸಿತಕ್ಕೆ ಸಹಾಯಧನವೊಂದನ್ನೇ ಹೊಣೆಯಾಗಿಸಲಾಗದು, ಟ್ರ್ಯಾಕ್ಟರಿನ ಪಾತ್ರವೂ ದೊಡ್ಡದು.

ಮಿಚೆಲ್ ಮತ್ತು ಈಸ್ಟ್ ವ್ಯಾಪಾರ ನಡೆಸುತ್ತಿದ್ದ ಟೈರಾಂಜದ ಕಟ್ಟಡವು ಈಗ ಅರ್ಕಾನ್ಸಾ ರಾಜ್ಯ ವಿಶ್ವವಿದ್ಯಾಲಯ ನಡೆಸುವ ಗೇಣಿದಾರರ ವಸ್ತುಸಂಗ್ರಹಾಲಯವಾಗಿದೆ.