ಬ್ಯಾಟರಿ ಬದಿಯ ಬ್ರೇಕರ್: ಕಡೂರು–ತರೀಕೆರೆ ದಾರಿಯ ಮೋಟಾರುಮನೆಗಳಲ್ಲಿ ಇನ್ವರ್ಟರ್ ಸುರಕ್ಷತೆ

ಬೆಂಗಳೂರಿನ ಕಡೆಯಿಂದ ಅಯ್ಯನಕೆರೆಗೋ ಕೆಮ್ಮಣ್ಣುಗುಂಡಿಗೋ ಹೊರಟ ಮೋಟಾರುಮನೆ ಕಡೂರು, ಬೀರೂರು, ತರೀಕೆರೆಗಳ ಹೆದ್ದಾರಿ ಹಿಡಿಯಬಹುದು. ಅದರೊಳಗಿನ ಮಿಕ್ಸಿ, ಫ್ರಿಜ್‌ಗಳು ನಡೆಯುವುದು ಬ್ಯಾಟರಿ ಮತ್ತು ಇನ್ವರ್ಟರ್ ಬಲದಿಂದ. ಮನೆಯ ಯುಪಿಎಸ್‌ನ ತತ್ವವೂ ಇದೇ ಆದ್ದರಿಂದ ಮೀಟರ್ ಬೋರ್ಡಿನ ಎಂಸಿಬಿಯನ್ನೇ ಇಲ್ಲಿಯೂ ಕೂರಿಸಿಬಿಡುವ ಅಪಾಯವಿದೆ. ಬ್ಯಾಟರಿ ಬದಿಗೆ ಬೇಕಾದದ್ದು ಬೇರೆಯೇ ಸಾಧನ ಎಂಬುದು ಈ ಲೇಖನದ ವಾದ.

2,000 ವ್ಯಾಟ್ ಇನ್ವರ್ಟರ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 230 ವೋಲ್ಟಿನ ಬದಿಯಲ್ಲಿ ಅದು ಕೊಡುವುದು 8.7 ಆಂಪಿಯರ್, 10 ಆಂಪಿಯರ್ ಎಂಸಿಬಿ ಸಾಕು. 12 ವೋಲ್ಟಿನ ಬದಿಯಲ್ಲಿ ಶೇ 85ರ ದಕ್ಷತೆಯಲ್ಲಿ ಅದೇ ಇನ್ವರ್ಟರ್ 196 ಆಂಪಿಯರ್ ಎಳೆಯುತ್ತದೆ. ಬ್ಯಾಟರಿ 10.5 ವೋಲ್ಟಿಗೆ ಇಳಿದರೆ 224. 196 ಆಂಪಿಯರಿನ ಸತತ ಹೊರೆಯ 1.25 ಪಟ್ಟು ಲೆಕ್ಕದಲ್ಲಿ 250 ಆಂಪಿಯರ್ ಬ್ರೇಕರ್ ಬೇಕು, ಅಷ್ಟನ್ನು ಹೊರಬಲ್ಲ ತಾಮ್ರದ ಕೇಬಲ್ಲೂ ಬೇಕು. ಬ್ರೇಕರ್ ಕಾಯುವುದು ಇನ್ವರ್ಟರನ್ನಲ್ಲ, ಕೇಬಲ್ಲನ್ನು. 24 ವೋಲ್ಟಿನ ವ್ಯವಸ್ಥೆಯಲ್ಲಿ ಪ್ರವಾಹ ಅರ್ಧಕ್ಕಿಳಿಯುತ್ತದೆ.

ಆಂಪಿಯರ್ ಹೊಂದಿದರಷ್ಟೇ ಸಾಲದು.

ನಮ್ಮ 50 ಹರ್ಟ್ಸ್ ಎಸಿ ಪ್ರವಾಹ ಸೆಕೆಂಡಿಗೆ 100 ಬಾರಿ ಸೊನ್ನೆಗಿಳಿಯುವುದರಿಂದ ಬ್ರೇಕರಿನೊಳಗಿನ ಕಿಡಿ ಬೇಗ ಆರುತ್ತದೆ. ಡಿಸಿಗೆ ಆ ಬಿಡುವಿಲ್ಲ. 48 ವೋಲ್ಟಿನಂಥ ವ್ಯವಸ್ಥೆಯಲ್ಲಿ ಕಿಡಿ ಇನ್ನೂ ಹಟಮಾರಿ. ಡಿಸಿ ಬ್ರೇಕರುಗಳಲ್ಲಿ ಕೆಲವು ಅಯಸ್ಕಾಂತದಿಂದ ಕಿಡಿಯನ್ನು ಪಕ್ಕಕ್ಕೆ ತಳ್ಳುತ್ತವೆ. ಅವುಗಳ ಧನ, ಋಣ ತುದಿಗಳು ಅದಲುಬದಲಾದರೆ ಕಿಡಿ ಆರದೆ ಬ್ರೇಕರೇ ಸುಡಬಹುದು.

ಶಾರ್ಟ್ ಆದಾಗ ಹರಿಯುವ ಪ್ರವಾಹದ ಲೆಕ್ಕ ಇನ್ನೂ ಗಂಭೀರ. ಲಿಥಿಯಂ ಬ್ಯಾಟರಿ ಮತ್ತು ಕೇಬಲ್ಲುಗಳ ಒಟ್ಟು ರೋಧ 2 ಮಿಲಿ ಓಮ್ ಇದ್ದರೆ 12.8 ವೋಲ್ಟಿನಲ್ಲಿ 6,400 ಆಂಪಿಯರ್ ನುಗ್ಗುತ್ತದೆ. 5 ಕಿಲೋ ಆಂಪಿಯರ್ ಮುರಿಯುವ ಸಾಮರ್ಥ್ಯದ ಬ್ರೇಕರ್ ಇದನ್ನು ತಡೆಯಲಾರದು. ಆದ್ದರಿಂದ ಬ್ಯಾಟರಿಯ ಧನ ತುದಿಗೆ ಸಾಧ್ಯವಾದಷ್ಟು ಹತ್ತಿರ, ಡಿಸಿಯಲ್ಲಿ 20 ಕಿಲೋ ಆಂಪಿಯರ್ ಮುರಿಯಬಲ್ಲ ಕ್ಲಾಸ್ ಟಿ ಫ್ಯೂಸನ್ನು ಇಟ್ಟು, ಬ್ರೇಕರನ್ನು ಅದರ ನಂತರ ಸ್ವಿಚ್ಚಿನಂತೆ ಬಳಸುವುದು ಸುರಕ್ಷಿತ.

ಕಡೂರಿನ ಬಯಲುಸೀಮೆಯ ಬೇಸಿಗೆ ಇನ್ನೊಂದು ಸಮಸ್ಯೆ ತಂದೊಡ್ಡುತ್ತದೆ. ಮನೆಬಳಕೆಯ ಎಂಸಿಬಿಗಳನ್ನು 30 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿರುತ್ತಾರೆ. ಸೀಟಿನ ಕೆಳಗಿನ ಮುಚ್ಚಿದ ಪೆಟ್ಟಿಗೆ ಕಾದಾಗ ಶಾಖದಿಂದ ಕೆಲಸ ಮಾಡುವ ಬ್ರೇಕರ್ ನಿಗದಿಗಿಂತ ಕಡಿಮೆ ಹೊರೆಗೇ ಟ್ರಿಪ್ ಆಗುತ್ತದೆ. ಆಗ ದೊಡ್ಡ ಬ್ರೇಕರ್ ಹಾಕಿದರೆ ಕೇಬಲ್ಲಿನ ರಕ್ಷಣೆ ಹೋಗುತ್ತದೆ; ಗಾಳಿಯಾಡುವ ಜಾಗಕ್ಕೆ ಬದಲಿಸುವುದು, ತಯಾರಕರ ತಾಪಮಾನ ಕೋಷ್ಟಕ ನೋಡುವುದು ಸರಿ.

230 ವೋಲ್ಟಿನ ಬದಿಯಲ್ಲಿ ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರಲೇಬೇಕು. ಇನ್ವರ್ಟರಿನ ನ್ಯೂಟ್ರಲ್ ವಾಹನದ ಚಾಸಿಗೆ ಜೋಡಣೆಯಾಗದಿದ್ದರೆ ಸೋರಿಕೆಯ ಪ್ರವಾಹಕ್ಕೆ ಮರಳುವ ದಾರಿಯಿರದೆ ಆರ್‌ಸಿಸಿಬಿ ಸುಮ್ಮನಿರುತ್ತದೆ. ಹೊರಗಿನ ವಿದ್ಯುತ್ ಪಡೆಯುವಾಗ ಈ ಜೋಡಣೆ ತಾನಾಗಿ ಬಿಡಬೇಕು. ಐಇಸಿ 60364-7-721 ಮಾನದಂಡವು ಕ್ಯಾರವಾನ್‌ಗಳ ವಿದ್ಯುತ್ ಜೋಡಣೆಗೇ ಮೀಸಲಾಗಿದ್ದು, ಈ ದಾರಿಯ ಎಲೆಕ್ಟ್ರಿಷಿಯನ್ನರು ಗಾಡಿ ಸಿದ್ಧಪಡಿಸುವ ಮೊದಲು ಅದನ್ನು ಓದಿಕೊಳ್ಳುವುದು ಅಗತ್ಯ.